ಹನ್ನೆರಡು ಪಾಯಿಂಟಿನ ಬಾಯಿ

ಏಳನೇ ಪಾಯಿಂಟು ಮತ್ತೆ ಜಾರಿತು, ಬಾಯಿಯ ಬಲತುದಿಯಿಂದ ಒಂದು ಕೂದಲೆಳೆಯಷ್ಟು ಕೆಳಕ್ಕೆ, ಯಾರಿಗೂ ಕಾಣಲ್ಲ ಬಿಡು, ಕಾಣಲ್ಲ ಕಾಣಲ್ಲ ಅಂತ ಬಿಟ್ಟೂ ಬಿಟ್ಟೂ ಈ ಗತಿ ಬಂದಿರುವುದು — ಅವನು ಮೌಸ್ ಹಿಡಿದ ಕೈಯನ್ನು ಒಮ್ಮೆ ಕೊಡವಿದ, ಮಣಿಕಟ್ಟಿನೊಳಗೆ ಯಾರೋ ಮೊಳೆ ಇಟ್ಟು ತಿರುವಿದ ಹಾಗೆ ನೋವು, ಎಂಟು ಗಂಟೆಗೆ ಬಂದು ಕೂತವನು, ಈಗ ಹನ್ನೊಂದೂವರೆ, ಕಿಟಕಿ ಪರದೆಯ ಸಂದಿಯಿಂದ ಬಿಸಿಲಿನ ಪಟ್ಟಿಯೊಂದು ನುಗ್ಗಿ ಕಂಪ್ಯೂಟರ್ ತೆರೆಯ ಮೇಲಿನ ಬಾಯಿಗೆ ಬಿಳಿ ಮೀಸೆ ಇಟ್ಟಿದೆ, ಎದ್ದು ಪರದೆ ಎಳೆಯಬೇಕು, ಏಳೋದು ಯಾರು. ತೆರೆ ತುಂಬ ಬರೀ ಬಾಯಿ, ಮುಖ ಇಲ್ಲ, ಮೂಗಿನ ಬುಡ ಒಂಚೂರು, ಗಲ್ಲ ಒಂಚೂರು, ನಡುವೆ ಎರಡು ತುಟಿ, ಆ ತುಟಿಗಳ ಅಂಚಿಗೆ ಹನ್ನೆರಡು ಚುಕ್ಕೆ, ಅದಕ್ಕೆ ಪಾಯಿಂಟು ಅಂತಾರೆ, ಹನ್ನೆರಡನ್ನೂ ಮುಟ್ಟಿಕೊಂಡು ಒಂದು ಗೆರೆ ಸುತ್ತಿ ಬಂದರೆ ಅದು ಮಾಸ್ಕು, ಬಟ್ಟೆಗೆ ಕಾಜ ಕತ್ತರಿಸಿದ ಹಾಗೆ, ಗೆರೆಯ ಒಳಗಿದ್ದದ್ದು ಕಾಣುತ್ತೆ, ಹೊರಗಿದ್ದದ್ದು ಮುಚ್ಚಿರುತ್ತೆ, ಹಿಂದೆ ಹಲ್ಲು ನಾಲಿಗೆ ಬರೆದಿಟ್ಟು ಮುಂದೆ ಈ ಕಾಜವನ್ನು ಹಿಗ್ಗಿಸಿ ಕುಗ್ಗಿಸಿದರೆ ಬಾಯಿ ಮಾತಾಡುತ್ತೆ. ಮಾತಾಡಬೇಕು. ನೂರಿಪ್ಪತ್ತು ಮಾತು — ನೀರು ಕೊಡು, ಬಾಗಿಲು ಮುಚ್ಚು, ನಿನ್ನ ಹೆಸರೇನು, ಬಸ್ಸು ಬಂತು — ಕಿವಿ ಕೇಳದ ಮಕ್ಕಳು ಇದನ್ನು ನೋಡಿ ನೋಡಿ ತುಟಿ ಓದುವುದನ್ನು ಕಲಿಯಬೇಕು, ಅರವತ್ತು ಶಾಲೆಗೆ ಹೋಗುತ್ತೆ, ಒಂದು ಸಲ ಹೋದರೆ ಹತ್ತು ವರ್ಷ ಅದೇ, ಇಲಾಖೆಯವರು ಒಂದು ವಸ್ತು ತಂದರೆ ಅದು ತುಕ್ಕು ಹಿಡಿದು ಉದುರೋವರೆಗೂ ಅದೇ, ನಾಲ್ಕು ಗಂಟೆಗೆ ಇಲಾಖೆ ಮೇಡಂ ಬರುತ್ತಾರೆ, ನೋಡುತ್ತಾರೆ, ಸರಿಯಿದೆ ಅಂತ ರುಜು ಹಾಕುತ್ತಾರೆ, ಮುಗೀತು. ನೂರಿಪ್ಪತ್ತೂ ನಾಲ್ಕು ದಿನದ ಹಿಂದೆಯೇ ತಯಾರಾಗಿ ಕೂತಿವೆ. ನೂರಿಪ್ಪತ್ತೂ ಸುಳ್ಳು. ಅದು ಗೊತ್ತಿರುವುದು ಅವನೊಬ್ಬನಿಗೆ, ಅದೂ ನಿನ್ನೆ ಮಧ್ಯಾಹ್ನದಿಂದ.

ಸುಳ್ಳು ಮಾಡಿದವನೂ ಅವನೇ, ಅದು ಇನ್ನೊಂದು ಚೆಂದ. ಮೊದಲು ಕೈಯಲ್ಲೇ ಮಾಡುತ್ತಿದ್ದ, ಒಂದು ಸೆಕೆಂಡಿಗೆ ಇಪ್ಪತ್ತೈದು ಚಿತ್ರ, ಒಂದೊಂದು ಚಿತ್ರದಲ್ಲೂ ಹನ್ನೆರಡು ಪಾಯಿಂಟನ್ನು ಹಿಡಿದು ಎಳೆದು ಕೂರಿಸುವುದು, ಒಂದು ಮಾತಿಗೆ ಎರಡು ದಿನ, ಸ್ಟುಡಿಯೋ ಯಜಮಾನರು ಬೆನ್ನ ಹಿಂದೆ ಬಂದು ನಿಂತು ಪೆನ್ನಿನ ಮುಚ್ಚಳ ಕಚ್ಚುತ್ತಾ ಮಗ, ನೀನು ಹೀಗೆ ಕಸೂತಿ ಹಾಕ್ತಾ ಕೂತ್ರೆ ಆ ಮಕ್ಕಳಿಗೇ ಮೊಮ್ಮಕ್ಕಳಾಗಿಬಿಡ್ತಾರೆ ಅಂದರು, ರೂಮಿನವರೆಲ್ಲ ನಕ್ಕರು, ಅವನಿಗೆ ಉರಿಯಿತು, ಅವನಿಗೆ ಉರಿಯದೇ ಇರುವ ದಿನ ಯಾವುದಿದೆ, ಆ ಉರಿಗೇ ಕೂತು ಸ್ಕ್ರಿಪ್ಟು ಬರೆದ, ಹನ್ನೊಂದು ಸಾಲು, ಒಂಬತ್ತನೇ ಕ್ಲಾಸು ಬಿಟ್ಟವನು ಬರೆದ ಹನ್ನೊಂದು ಸಾಲು, ಡಿಗ್ರಿ ಗೋಡೆಗೆ ತೂಗುಹಾಕಿಕೊಂಡವರೆಲ್ಲ ಕುರ್ಚಿ ಎಳೆದುಕೊಂಡು ಬಂದು ನೋಡಿದರು. ಧ್ವನಿ ಏರಿದರೆ ಕೆಳತುಟಿಯ ಐದು ಪಾಯಿಂಟು ಕೆಳಗೆ ಹೋಗಲಿ, ಧ್ವನಿ ಇಳಿದರೆ ಮೇಲೆ ಬರಲಿ, ಇಷ್ಟೇ, ಇದನ್ನೇ ಯಂತ್ರಕ್ಕೆ ಅರ್ಥವಾಗುವ ಹಾಗೆ ಹೇಳಿದ್ದು, ಇನ್ನು ಯಾರೂ ಪಾಯಿಂಟು ಮುಟ್ಟಬೇಕಾಗಿಲ್ಲ, ಧ್ವನಿ ತಂದು ಕೆಳಗಿಟ್ಟರೆ ಬಾಯಿ ತಾನೇ ಬಡಬಡ ಬಡಬಡ, ನೂರಿಪ್ಪತ್ತು ಮಾತು ಒಂದೂವರೆ ದಿನದಲ್ಲಿ. ಯಜಮಾನರು ಬೆನ್ನು ತಟ್ಟಿದರು, ಫೋನಿನಲ್ಲಿ ಯಾರಿಗೋ, ನಮ್ಮ ಹುಡುಗ ಒಬ್ಬ ಇದಾನೆ ಸರ್, ಗೋಡೆಗೆ ಬಾಯಿ ಬರೆದುಕೊಟ್ರೂ ಮಾತಾಡಿಸ್ತಾನೆ, ಅಂದರು, ಅವನಿಗೆ ಕೇಳಲಿ ಅಂತಲೇ ಜೋರಾಗಿ ಅಂದರು. ಆರು ವರ್ಷದ ಹಿಂದೆ ಸರ್ಟಿಫಿಕೇಟು ಎಲ್ಲಿ ಅಂತ ಊರೆಲ್ಲ ಕೇಳುತ್ತಿದ್ದಾಗ ಅದನ್ನ ಎತ್ತಿಡು, ಕೈ ತೋರ್ಸು ಅಂದವರೂ ಅವರೇ, ಆ ಕುರ್ಚಿಯಲ್ಲೇ ಇವತ್ತೂ ಕೂತಿದ್ದಾನೆ, ಎಡಗೈ ಆನಿಸುವ ಜಾಗದಲ್ಲಿ ರೆಕ್ಸಿನ್ ಕಿತ್ತು ಸ್ಪಂಜು ಹೊರಗೆ ಬಂದಿದೆ, ಅವರ ಮೇಲೆ ಸಿಟ್ಟು ಮಾಡಿಕೊಳ್ಳಲಿಕ್ಕೂ ಪೂರ್ತಿಯಾಗಿ ಆಗುವುದಿಲ್ಲ, ಅರ್ಧಕ್ಕೇ ನಿಂತುಬಿಡುತ್ತೆ, ಅರ್ಧ ಸಿಟ್ಟಿನಷ್ಟು ಸುಸ್ತು ಬೇರೆ ಯಾವುದೂ ಇಲ್ಲ. ಆ ಒಂದೂವರೆ ದಿನವೂ ಕಿವಿಗೆ ಹೆಡ್‌ಫೋನು ಸಿಕ್ಕಿಸಿಕೊಂಡೇ ಕೂತಿದ್ದ, ಅದೇ, ಅದೊಂದೇ, ನೀರು ಕೊಡು ಅಂತ ಕಿವಿಯೊಳಗೆ ಚೊಕ್ಕವಾಗಿ ಕೇಳಿದ ಮೇಲೆ ಕಣ್ಣಿಗೆ ಬೇರೆ ಕೆಲಸ ಏನಿದೆ, ಕಿವಿ ಹೇಳಿದ್ದನ್ನೇ ಅದು ಕಾಣುತ್ತೆ, ಗುಲಾಮ ಕಣ್ಣು, ಬಾಯಿ ಏನು ಮಾಡಿದರೂ ಸರಿ ಸರಿ ಅನ್ನುತ್ತೆ. ಬೇರೆಯವರು ಮಾಡಿದ್ದರೆ ಒಂದು ಮಾತು, ಅವನು, ಕಿವಿ ಕೇಳದ ಅಮ್ಮನ ಮಗ, ಹೆಡ್‌ಫೋನು ಹಾಕಿಕೊಂಡು. ಅಷ್ಟು ಸಾಲದು ಅಂತ ಕಿವಿ ಕೇಳದ ಮಕ್ಕಳ ಪಾಠಕ್ಕೆ ಹಿನ್ನೆಲೆಯಲ್ಲಿ ಕೊಳಲು ಹಾಕುವುದೋ ಪಿಟೀಲು ಹಾಕುವುದೋ ಅಂತ ಎರಡು ದಿನ ಚರ್ಚೆ ನಡೆಯಿತು, ಪಿಟೀಲು ಗೆದ್ದಿತು, ಪಿಟೀಲಿಗೆ ಅವನೂ ಕೈ ಎತ್ತಿದ್ದ.

ಅಮ್ಮನ ಕಿವಿ ಹೋದದ್ದು ಅವನು ಐದನೇ ಕ್ಲಾಸಿನಲ್ಲಿದ್ದಾಗ, ಹದಿನೈದು ದಿನದ ಜ್ವರ, ಜ್ವರ ಇಳಿಯಿತು, ಎದ್ದು ಕೂತವಳು ಯಾಕೆ ಎಲ್ಲಾ ಸುಮ್ನಿದೀರಿ ಅಂತ ಕೇಳಿದಳು, ರೇಡಿಯೋ ಹಾಡುತ್ತಿತ್ತು, ಪಕ್ಕದ ಮನೆಯಲ್ಲಿ ಯಾರೋ ಗೋಡೆಗೆ ಮೊಳೆ ಹೊಡೆಯುತ್ತಿದ್ದರು, ಅವನಿಗೆ ಆ ಮೊಳೆಯ ಸದ್ದು ಇವತ್ತಿಗೂ ನೆನಪಿದೆ. ಆಮೇಲೆ ಅವನ ಬಾಯೇ ಅವಳಿಗೆ ಪಾಠದ ಪುಸ್ತಕ, ಸಂಜೆ ಹೊತ್ತು ಕಿಟಕಿ ಪಕ್ಕ ಬೆಳಕಿಗೆ ಅವನ ಮುಖ ತಿರುಗಿಸಿ ಕೂರಿಸಿಕೊಂಡು, ಇನ್ನೊಂದ್ಸಲ ಹೇಳು, ಅವಸರ ಮಾಡ್ಬೇಡ, ತುಟಿ ಸರಿಯಾಗಿ ಮುಚ್ಚು, ಅವಳ ಎರಡು ಬೆರಳು ಅವನ ಗಲ್ಲದ ಮೇಲೆ, ಇಸ್ತ್ರಿ ಕೆಲಸದ ಬೆರಳು, ಒಣಗಿ ಬಿಸಿಯಾಗಿ ಗಂಜಿ ವಾಸನೆ ಹೊಡೆಯುವ ಬೆರಳು. ಒಂದೇ ವರ್ಷದಲ್ಲಿ ಅವನಿಗಿಂತ ಮುಂದೆ ಹೋದಳು. ಈಗ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತರೆ ಸಿಗ್ನಲ್ಲಿನಲ್ಲಿ ಪಕ್ಕಕ್ಕೆ ಬಂದು ನಿಂತ ಬಸ್ಸಿನ ಜಗಳ ಪೂರ್ತಿ ಅವಳ ಕೈಯಲ್ಲಿ, ಆ ಹೆಂಗಸು ಗಂಡನಿಗೆ ನಿಮ್ಮಮ್ಮ ಇದ್ರೆ ನಾನಿರಲ್ಲ ಅಂತಿದಾಳೆ ಕಣೋ, ಅವನು ಹಾಗಾದ್ರೆ ಇಬ್ರೂ ಹೋಗಿ ಅಂದ, ಅಯ್ಯೋ ಸಿಗ್ನಲ್ ಬಿಟ್ಟುಬಿಟ್ಟ. ಟೀವಿಯಲ್ಲಿ ವಾರ್ತೆ ಓದುವವರಿಗೆಲ್ಲ ಮಾರ್ಕು ಹಾಕುತ್ತಾಳೆ, ಇವಳು ಸೋಮಾರಿ, ತುಟಿ ಸೇರಿಸಲ್ಲ, ಆ ಕನ್ನಡಕದವನು ವಾಸಿ, ಅವನಮ್ಮ ಚೆನ್ನಾಗಿ ಬೆಳೆಸಿದಾಳೆ. ಆದರೆ ಎಲ್ಲರೂ ಕನ್ನಡಕದವನ ಹಾಗಿರುತ್ತಾರಾ, ಮೀಸೆ ಬಿಟ್ಟವರು, ಕತ್ತು ತಿರುಗಿಸಿ ಮಾತಾಡುವವರು, ಕೌಂಟರಿನ ಗಾಜಿನ ಹಿಂದೆ ತಲೆ ತಗ್ಗಿಸಿ ಗೊಣಗುವವರು, ಅಂಥವರಿಗೆ ಅಂತ ಅವಳು ಒಂದು ಇಟ್ಟುಕೊಂಡಿದ್ದಾಳೆ — ಗಲ್ಲ ಒಂದಿಂಚು ಕೆಳಗೆ ಹೋಗುತ್ತೆ, ಮತ್ತೆ ಮೇಲೆ ಬರುತ್ತೆ, ತುಟಿಯಲ್ಲೊಂದು ನಗು, ಕಣ್ಣು ಮಾತ್ರ ಪಕ್ಕಕ್ಕೆ ಸರಿದು ಬೇರೆ ಯಾರಾದರೂ ಇದ್ದಾರಾ ಅಂತ ಹುಡುಕುತ್ತಿರುತ್ತೆ, ಹೂಂ, ಹೂಂ, ಗೊತ್ತಾಯ್ತು. ಒಂದು ಚೂರೂ ಗೊತ್ತಾಗಿರುವುದಿಲ್ಲ. ಒಂಬತ್ತನೇ ಕ್ಲಾಸಿನಲ್ಲಿ ಸೂಕ್ಷ್ಮದರ್ಶಕದ ಗಾಜು ಕಳೆದುಹೋಯಿತು, ಅವನ ಮೇಲೆ ಬಂತು, ಅವನು ಮುಟ್ಟಿರಲಿಲ್ಲ, ಮೇಷ್ಟ್ರು ಅಮ್ಮನನ್ನು ಕರೆಸಿದರು, ಕ್ಲಾಸಿನ ಬಾಗಿಲಲ್ಲಿ ನಿಲ್ಲಿಸಿಕೊಂಡು, ಹಾಜರಿ ಪುಸ್ತಕದಲ್ಲಿ ಏನೋ ಬರೆಯುತ್ತಾ, ತಲೆಯೆತ್ತದೆ, ಮನೇಲೂ ಕದೀತಾನೇನಮ್ಮಾ ಇವನು ಅಂತ ಕೇಳಿದರು, ಅಮ್ಮ ಗಲ್ಲ ಕೆಳಗೆ, ಮೇಲೆ, ನಗು. ನಲವತ್ತು ಜನ ಹೋ ಅಂದರು. ಮೇಷ್ಟ್ರು ತಲೆಯೆತ್ತಿ ನೋಡಿದರು, ಅವರಿಗೂ ನಗು ಬಂತು. ಅವತ್ತು ಹೊರಗೆ ಬಂದವನು ಮತ್ತೆ ಒಳಗೆ ಹೋಗಲಿಲ್ಲ, ಯಾಕೆ ಅಂತ ಅವಳಿಗೆ ಹೇಳಲಿಲ್ಲ, ಹೇಗೆ ಹೇಳೋದು, ಯಾವ ತುಟಿ ಇಟ್ಟುಕೊಂಡು ಹೇಳೋದು, ಇವತ್ತಿಗೂ ಅವಳು ಅಂಗಿಗೆ ಇಸ್ತ್ರಿ ತಿಕ್ಕುತ್ತಾ ಓದ್ಬೇಕಿತ್ತು ಕಣೋ ನೀನು, ಮೈಗಳ್ಳ, ಅನ್ನುತ್ತಾಳೆ, ಹೂಂ ಅನ್ನುತ್ತಾನೆ. ಊರಿಗೆಲ್ಲ ಹಂಚಿದ ಆ ತಲೆಯಾಟವನ್ನು ಅವನಿಗೆ ಮಾತ್ರ ಅವಳು ಯಾವತ್ತೂ ಕೊಟ್ಟಿರಲಿಲ್ಲ, ಅವನ ಬಾಯಿ ಅವಳಿಗೆ ಕತ್ತಲಲ್ಲೂ ಗೊತ್ತು, ಅರ್ಥವಾಗದಿದ್ದರೆ ಕೆನ್ನೆಗೆ ತಟ್ಟಿ ಸರಿಯಾಗಿ ಹೇಳೋ ಅಂತಿದ್ದಳು — ನಿನ್ನೆವರೆಗೂ. ನಿನ್ನೆ ಭಾನುವಾರ, ಊಟ ಆಗಿತ್ತು, ಅವಳು ಬಟ್ಟೆ ಹರವಿ ಬಂದು ಮೆಟ್ಟಿಲ ಮೇಲೆ ಕೂತಳು, ಅವನು ಫೋನು ಹಿಡಿದ, ನಾನು ಮಾಡಿದ್ದು ನೋಡು, ಜಂಬದಲ್ಲೇ ಹಿಡಿದ, ಬಾಯಿ ಬಾಗಿಲು ಮುಚ್ಚು ಅಂದಿತು, ಅಮ್ಮ ನೋಡಿದಳು, ಹುಬ್ಬು ಒಂಚೂರು ಕೂಡಿತು, ಅವನು ಇನ್ನೊಂದು ಹಾಕಿದ, ಅವಳು ಅವನ ಮುಖ ನೋಡಿದಳು, ಫೋನು ನೋಡಿದಳು, ಆಮೇಲೆ ಗಲ್ಲ ಕೆಳಗೆ ಹೋಯಿತು, ಮೇಲೆ ಬಂತು, ನಗು, ಚೆನ್ನಾಗಿದೆ. ಏನಂತು ಹೇಳು ಅಂದ. ಚೆನ್ನಾಗಿ ಮಾತಾಡುತ್ತೆ ಕಣೋ. ಅಮ್ಮಾ, ಏನಂತು. ಅವಳು ಸೆರಗಿನಿಂದ ಕೈ ಒರೆಸಿಕೊಂಡಳು, ಎಷ್ಟು ಹೊತ್ತು ಒರೆಸಿಕೊಂಡಳು, ಏನೋ ಅಗೀತಾ ಇದೆ, ಅಂದಳು, ಗಟ್ಟಿ ಪದಾರ್ಥ ಇರ್ಬೇಕು, ಪಾಪ.

ಅಗಿಯುತ್ತಿತ್ತು, ಹೌದು, ಧ್ವನಿ ತೆಗೆದು ನೋಡಿದರೆ ಮೂರು ವರ್ಷದ ಮಗುವೂ ಹೇಳುತ್ತೆ ಅದು ಅಗಿಯುತ್ತಿದೆ ಅಂತ, ಬ ಅನ್ನುವುದಕ್ಕೆ ತುಟಿ ಕೂಡಬೇಕು, ಪ ಅನ್ನುವುದಕ್ಕೆ ಕೂಡಬೇಕು, ಮ ಅನ್ನುವಾಗ ಕೂಡಿಕೊಂಡೇ ಇರಬೇಕು, ಆದರೆ ಮ ಮೂಗಿನೊಳಗೆ ಗುಂಯ್ ಅಂತ ಧ್ವನಿ ಮಾಡುತ್ತಲೇ ಇರುತ್ತಲ್ಲ, ಧ್ವನಿ ಇದೆ ಅಂದರೆ ಬಾಯಿ ತೆಗೆ ಅಂತ ಹನ್ನೊಂದು ಸಾಲು ಹೇಳಿಬಿಟ್ಟಿವೆಯಲ್ಲ, ಅದು ತೆಗೆದುಕೊಂಡು ಕೂತಿದೆ, ಬಾಗಿಲು ಮುಚ್ಚು ಅನ್ನುವಾಗಲೂ ಒಂದು ಸಲವೂ ತುಟಿ ಮುಚ್ಚುವುದಿಲ್ಲ. ಅದಕ್ಕೇ ಬೆಳಗ್ಗೆ ಎಂಟಕ್ಕೆ ಬಂದು ಕೂತದ್ದು, ಯಾರಿಗೂ ಹೇಳದೆ, ಹೊಸ ಸ್ಕ್ರಿಪ್ಟು, ಈಗ ಧ್ವನಿಯ ಮಾತು ಕೇಳುವುದಿಲ್ಲ, ಒಂದೊಂದು ಅಕ್ಷರಕ್ಕೂ ಹನ್ನೆರಡು ಪಾಯಿಂಟು ಎಲ್ಲೆಲ್ಲಿ ನಿಲ್ಲಬೇಕು ಅಂತ ಮೊದಲೇ ಬರೆದಿಡುವುದು, ಮ-ಗೆ ಒಂದು ಬಾಯಿ, ಆ-ಗೆ ಒಂದು ಬಾಯಿ, ಊ-ಗೆ ಒಂದು, ಒಟ್ಟು ಹದಿನಾಲ್ಕು ಬಾಯಿ, ಆಮೇಲೆ ಮಾತಿನ ಉದ್ದಕ್ಕೂ ಇಲ್ಲಿ ಮ, ಇಲ್ಲಿ ಆ, ಅಂತ ಗುರುತು ಹಾಕುತ್ತಾ ಹೋದರೆ ಸ್ಕ್ರಿಪ್ಟು ಒಂದು ಬಾಯಿಯಿಂದ ಇನ್ನೊಂದು ಬಾಯಿಗೆ ಪಾಯಿಂಟುಗಳನ್ನು ನಡೆಸಿಕೊಂಡು ಹೋಗುತ್ತೆ. ಹದಿನಾಲ್ಕು ಬಾಯಿಯನ್ನೂ ನೆನಪಿನಿಂದಲೇ ಬರೆದ, ಯಾವ ಪುಸ್ತಕವೂ ಬೇಕಾಗಲಿಲ್ಲ, ಆ ಕಿಟಕಿ ಪಕ್ಕ ಅವನ ತುಟಿ ಇಷ್ಟಿಷ್ಟಾಗಿ ತಿದ್ದಿಸಿಕೊಂಡದ್ದು ಯಾವತ್ತಿಗೆ ಬಂತು ಮತ್ತೆ. ಮಧ್ಯಾಹ್ನ ಊಟಕ್ಕೆ ಏಳಲಿಲ್ಲ, ಪಕ್ಕದ ಮೇಜಿನಲ್ಲಿ ಬಣ್ಣ ತುಂಬುವವಳು, ಅವನಿಗಿಂತ ಹತ್ತು ವರ್ಷ ದೊಡ್ಡವಳು, ಡಬ್ಬಿ ಮುಚ್ಚಳದಲ್ಲಿ ಒಂದಿಷ್ಟು ಅನ್ನ ಇಟ್ಟು ಅವನ ಕೀಬೋರ್ಡಿನ ಪಕ್ಕ ತಳ್ಳಿದಳು, ಏನೋ ಮಹಾರಾಯ, ಮುಗಿದ ಕೆಲಸಕ್ಕೆ ಮತ್ತೆ ಯಾಕೆ ಗುದ್ದಾಡ್ತಿದೀಯ. ಸರಿಯಿಲ್ಲ ಅಕ್ಕ ಅದು. ಯಾರು ಅಂದ್ರು ಸರಿಯಿಲ್ಲ ಅಂತ. ನಮ್ಮಮ್ಮ. ಅಯ್ಯೋ, ಅಮ್ಮಂದಿರಿಗೆ ಮಕ್ಕಳು ಮಾಡಿದ್ದು ಯಾವುದು ಸರಿ ಕಂಡಿದೆ, ನಮ್ಮಮ್ಮ ನನ್ನ ಮದುವೇನೇ ಇನ್ನೂ ಒಪ್ಪಿಲ್ಲ, ತಿನ್ನು ತಿನ್ನು. ಒಂದು ತುತ್ತು ತಿಂದ, ಪ್ಲೇ ಒತ್ತಿದ, ಬಾಗಿಲು ಮುಚ್ಚು — ಮೊದಲು ತುಟಿ ಕೂಡಿತು, ಕೂಡಿತು ನೋಡು, ಎದೆ ಹಗುರಾಯಿತು, ಆಮೇಲೆ ಬಾ-ಗೆ ತೆರೆಯಬೇಕಾದದ್ದು ತೆರೆಯದೆ ಮಧ್ಯದಲ್ಲಿ ಸೊಟ್ಟಗೆ ತಿರುಚಿಕೊಂಡಿತು, ಮೇಲ್ತುಟಿ ಕೆಳಗೆ ಕೆಳತುಟಿ ಮೇಲೆ, ಒದ್ದೆ ಬಟ್ಟೆಯನ್ನು ಇಬ್ಬರು ಹಿಡಿದು ಹಿಂಡಿದ ಹಾಗೆ, ಮತ್ತೆ ಬಿಚ್ಚಿಕೊಂಡು ಬಾಯಾಯಿತು. ಮತ್ತೆ ಒತ್ತಿದ. ಮತ್ತೆ ಹಿಂಡಿಕೊಂಡಿತು. ಆಗಲೇ ಯಜಮಾನರು ಹಿಂದೆ ಬಂದು ನಿಂತದ್ದು, ಅವರು ಬಂದದ್ದು ಮೊದಲು ಗೊತ್ತಾಗುವುದು ಪೆನ್ನಿನ ಮುಚ್ಚಳದ ಕಟಕಟದಿಂದ, ಇದೇನೋ ಮಗ ಇದು, ಪಾರ್ಶ್ವವಾಯು ಹೊಡೀತಾ ಅದಕ್ಕೆ. ಹೊಸದು ಸರ್, ಹಳೇದರಲ್ಲಿ ತುಟಿ ಸರಿಯಿಲ್ಲ. ಯಾರು ಹೇಳಿದ್ರು, ನಾನೇ ನೋಡಿದೀನಲ್ಲ, ಸಕ್ಕತ್ತಾಗಿತ್ತು. ಧ್ವನಿ ಇಟ್ಕೊಂಡು ನೋಡಿದ್ರಿ ಸರ್. ಧ್ವನಿ ಇದೆಯಲ್ಲೋ ಅದರಲ್ಲಿ. ನೋಡೋ ಮಕ್ಕಳಿಗೆ ಇಲ್ವಲ್ಲ ಸರ್. ಅವರು ಮುಚ್ಚಳ ಬಾಯಿಂದ ತೆಗೆದರು, ಒಂದು ಕ್ಷಣ ಅವರ ಮುಖದಲ್ಲೂ ಏನೋ ಬಂದು ಹೋಯಿತು, ಆಮೇಲೆ ದನಿ ತಗ್ಗಿಸಿ, ನೋಡು, ನೀನೇ ಮಾಡ್ದೆ, ಮೂರು ಲೋಕ ಕೇಳೋ ಹಾಗೆ ನಾನು ಹೊಗಳಿದೆ, ಈಗ ಎರಡು ಗಂಟೆಗೆ ಬಂದು ಸರಿಯಿಲ್ಲ ಅಂತೀಯ, ಈ ಒಂದು ಕೆಲಸ ಒಪ್ಪಿಗೆಯಾದ್ರೆ ಮುಂದಿನದು ಬರುತ್ತೆ, ಇಲ್ಲಾಂದ್ರೆ ಈ ರೂಮಲ್ಲಿ ಎಂಟು ಜನ ಏನ್ ಮಾಡ್ತಾರೆ ಅಂತ ನಿನಗೂ ಗೊತ್ತು, ಹಳೇದು ಹಾಕು, ಬಾಯಿ ಮುಚ್ಕೊಂಡು ಕೂತ್ಕೋ. ಹಳೇದರಲ್ಲಿ ಬಾಯಿ ಮುಚ್ಚೋದೇ ಇಲ್ಲ ಸರ್ ಅಂತ ನಾಲಿಗೆ ತುದಿಗೆ ಬಂದಿತ್ತು. ಬಣ್ಣದವಳು ಕೆಮ್ಮಿದಳು. ನುಂಗಿಕೊಂಡ.

ಹಿಂಡಿಕೊಳ್ಳುವುದು ಯಾಕೆ ಅಂತ ಗೊತ್ತಾಗಲಿಕ್ಕೆ ಒಂದು ಗಂಟೆ ಹಿಡಿಯಿತು, ಗೊತ್ತಾದಾಗ ತಲೆ ಚಚ್ಚಿಕೊಳ್ಳುವಷ್ಟು ಚಿಕ್ಕದು — ಹದಿಮೂರು ಬಾಯಿಯನ್ನೂ ಎಡತುದಿಯಿಂದ ಬರೆಯಲು ಶುರು ಮಾಡಿದ್ದ, ಒಂದನೇ ಪಾಯಿಂಟು ಎಡತುದಿ, ಏಳನೇದು ಬಲತುದಿ, ಮುಚ್ಚಿದ ಬಾಯಿಯೊಂದನ್ನು ಮಾತ್ರ ಬಲತುದಿಯಿಂದ ಬರೆದುಬಿಟ್ಟಿದ್ದಾನೆ, ಮುಚ್ಚಿದ ತುಟಿ ಬರೀ ಒಂದು ಗೆರೆ, ಎಲ್ಲಿಂದ ಶುರು ಮಾಡಿದರೂ ನೋಡಲು ಒಂದೇ, ಆದರೆ ಒಂದನೇ ಪಾಯಿಂಟು ಏಳನೇದರ ಮನೆಯಲ್ಲಿ ಕೂತಿದೆ, ಏಳನೇದು ಒಂದರ ಮನೆಯಲ್ಲಿ, ಬಾಯಿ ತೆರೆಯುವ ಹೊತ್ತಿಗೆ ಎಲ್ಲರೂ ತಂತಮ್ಮ ಮನೆಗೆ ಓಡುತ್ತಾರೆ, ದಾರಿಯಲ್ಲಿ ಒಬ್ಬರ ಮೇಲೊಬ್ಬರು ಬೀಳುತ್ತಾರೆ, ಅದೇ ಆ ತಿರುಚು. ಕಣ್ಣಿಗೆ ಎಲ್ಲಾ ಸರಿಯಾಗಿ ಕಾಣುವ ಕಡೆಯೇ ತಪ್ಪು ಕೂತಿರುವುದು, ಥೂ. ಎಲ್ಲರನ್ನೂ ಆರಾರು ಮನೆ ಆಚೆಗೆ ಸರಿಸು ಅಂತ ಒಂದು ಸಾಲು ಸೇರಿಸಿದ. ಹೆಡ್‌ಫೋನು ಕಿತ್ತು ಡ್ರಾಯರಿಗೆ ಹಾಕಿದ. ಪ್ಲೇ ಒತ್ತಿದ. ಸದ್ದಿಲ್ಲದ ಬಾಯಿ, ತುಟಿ ಕೂಡಿತು, ಬಿರಿಯಿತು, ಅಗಲವಾಯಿತು, ಗಿ-ಗೆ ಪಕ್ಕಕ್ಕೆ ಎಳೆದುಕೊಂಡಿತು, ಲು-ಗೆ ಮುಂದಕ್ಕೆ ಮುರುಟಿತು, ಮತ್ತೆ ಕೂಡಿ ಮುಚ್ಚು ಅಂದಿತು, ಬಾಗಿಲು ಮುಚ್ಚು, ಯಾರೋ ಗಾಜಿನ ಆಚೆ ನಿಂತು ಹೇಳಿದ ಹಾಗೆ, ಅಮ್ಮ ಇದ್ದಿದ್ದರೆ ಎದ್ದು ಹೋಗಿ ಮುಚ್ಚಿ ಬರುತ್ತಿದ್ದಳು. ಗಡಿಯಾರ ಮೂರೂಕಾಲು. ಒಂದು ಮಾತಿಗೆ ಗುರುತು ಹಾಕಲು ಐದು ನಿಮಿಷ, ನಾಲ್ಕರೊಳಗೆ ಒಂಬತ್ತು ಮಾತು ಆಗಬಹುದು, ಉಳಿದ ನೂರಹತ್ತು ಎರಡು ದಿನ, ಮೂರು ಅಂತಿಟ್ಟುಕೋ. ಮೂರೇ ದಿನ. ಕೇಳಬಹುದು. ಕೇಳಿದರೆ ಯಾಕೆ ಅಂತ ಹೇಳಬೇಕು, ಹೇಳಿದರೆ ಮೊದಲಿನದು ಸುಳ್ಳು ಅಂತ ಒಪ್ಪಬೇಕು, ಮೇಡಂ ಎದುರು, ಯಜಮಾನರ ಎದುರು, ಈ ಕುರ್ಚಿ ಕೊಟ್ಟವರನ್ನು ಅವರದೇ ರೂಮಿನಲ್ಲಿ ನಿಲ್ಲಿಸಿ. ಬಿಟ್ಟುಬಿಡು, ಅಂತು ಒಳಗೆ ಒಂದು ದನಿ, ಅದರದ್ದೂ ಸುಸ್ತಾದ ದನಿಯೇ, ಹಳೇದು ಹಾಕು, ಮನೆಗೆ ಹೋಗು, ಗೋಡೆ ಕಡೆ ತಿರುಗಿ ಮಲಗು, ಆ ಮಕ್ಕಳೇನು ಬಂದು ಕಂಪ್ಲೇಂಟು ಕೊಡ್ತಾವಾ. ಕೊಡುವುದಿಲ್ಲ, ಅದೇ ಅಲ್ಲವಾ, ಕೊಡುವುದಿಲ್ಲ, ಹುಟ್ಟಿದಾಗಿನಿಂದ ಮಾತು ಅಂದರೆ ಹೇಗಿರುತ್ತೆ ಅಂತಲೇ ಕೇಳದವರು, ತಪ್ಪು ಆ ಬಾಯಿಯದು ಅಂತ ಅವರಿಗೆ ಯಾರು ಹೇಳಬೇಕು, ತಮ್ಮ ಕಣ್ಣಿನದೇ ತಪ್ಪು ಅಂದುಕೊಳ್ಳುತ್ತಾರೆ, ಟೀಚರು ಎದುರು ನಿಂತು ಗೊತ್ತಾಯ್ತಾ ಅಂತ ಕೇಳುತ್ತಾರೆ, ಒಂದು ಹುಡುಗಿ ಪಕ್ಕದವಳನ್ನು ನೋಡುತ್ತಾಳೆ, ಗಲ್ಲ ಒಂದಿಂಚು ಕೆಳಗೆ, ಮೇಲೆ, ನಗು, ಅರವತ್ತು ಶಾಲೆ, ಹತ್ತು ವರ್ಷ, ಸಾಲಾಗಿ ಬೆಂಚಿನ ಮೇಲೆ ಕೂತು ಗಲ್ಲ ಕೆಳಗೆ, ಮೇಲೆ, ತುಟಿ ಓದುವುದು ಬರುವುದಿಲ್ಲ, ಅದೊಂದು ಮಾತ್ರ ಚೆನ್ನಾಗಿ ಬರುತ್ತೆ, ಅದನ್ನು ಕಲಿಸುವುದಕ್ಕೆ ಹನ್ನೊಂದು ಸಾಲು ಬರೆದಿದ್ದಾನೆ ಮಹಾನುಭಾವ.

ಮೇಡಂ ನಾಲ್ಕಕ್ಕೆ ಹತ್ತು ನಿಮಿಷ ಇರುವಾಗಲೇ ಬಂದುಬಿಟ್ಟರು, ಐವತ್ತು ದಾಟಿದವರು, ಕೈಯಲ್ಲಿ ಎರಡು ಫೋನು, ಹೆಗಲ ಚೀಲದಿಂದ ಕಡತ ಇಣುಕುತ್ತಿದೆ, ಕೂರುವ ಮೊದಲೇ ಬೇಗ ಮುಗಿಸೋಣಪ್ಪ, ಇನ್ನೂ ಎರಡು ಕಡೆ ಹೋಗಬೇಕು, ಬೆಳಗ್ಗೆಯಿಂದ ಒಂದು ಲೋಟ ನೀರು ಕುಡಿದಿಲ್ಲ ಅಂದರು, ಪಾಪ ಅವರದ್ದೂ ಅದೇ ಪಾಡು, ಅವರ ಮೇಲೂ ಪೂರ್ತಿ ಸಿಟ್ಟು ಮಾಡಲಾಗುವುದಿಲ್ಲ, ಹೋಗಲಿ. ಯಜಮಾನರು ಕುರ್ಚಿ ಎಳೆದು ಕೊಟ್ಟರು, ನೀರು ತರಿಸಿದರು, ಗೋಡೆಯ ದೊಡ್ಡ ಟೀವಿ ಹತ್ತಿತು, ಅವನ ಕಡೆ ನೋಡಿ ಹೂಂ ಹಾಕು ಮಗ ಅಂದರು, ಆ ಹೂಂನಲ್ಲಿ ಹಳೇದು ಅಂತ ಇತ್ತು, ಅವನು ಹಳೇದು ಹಾಕಿದ, ಕೈ ತಾನಾಗಿ ಹಾಕಿತು. ಪಿಟೀಲು ಶುರುವಾಯಿತು. ನೀರು ಕೊಡು, ಅಂತು ಇಷ್ಟಗಲದ ಬಾಯಿ, ಹೆಂಗಸಿನ ಇಂಪಾದ ದನಿ, ಬಾಯಿ ದನಿಯ ಜೊತೆ ಜೊತೆಗೇ ಏರಿ ಇಳಿಯಿತು, ಹೌದು, ಕಿವಿ ಇದ್ದರೆ ಎಷ್ಟು ಚೆನ್ನಾಗಿ ಕಾಣುತ್ತೆ. ತುಂಬಾ ಚೆನ್ನಾಗಿದೆಯಪ್ಪ, ಸ್ಪಷ್ಟವಾಗಿದೆ, ಯಾರು ಮಾಡಿದ್ದು, ಅಂದರು ಮೇಡಂ, ಕಡತ ಬಿಚ್ಚುತ್ತಾ. ನಮ್ಮ ಹುಡುಗ, ಅಂದರು ಯಜಮಾನರು, ನಿಜವಾದ ಹೆಮ್ಮೆಯಿಂದಲೇ ಅಂದರು, ಅದು ಇನ್ನೂ ಕಷ್ಟ. ರುಜುವಿಗೆ ಮೇಡಂ ಪೆನ್ನಿನ ಮುಚ್ಚಳ ತೆರೆಯುವ ಸದ್ದು. ರಿಮೋಟು ಅವನ ಕೈಯಲ್ಲಿತ್ತು, ಯಾವಾಗ ತಗೊಂಡ, ಹೆಬ್ಬೆರಳು ಒತ್ತಿತು, ಪಿಟೀಲು ಅರ್ಧಕ್ಕೇ ಕಡಿದುಹೋಯಿತು, ಏಸಿಯ ಗುರ್ ಅನ್ನುವುದು ಮಾತ್ರ ಉಳಿಯಿತು. ಸೌಂಡು ಹೋಯ್ತು ನೋಡೋ, ಅಂದರು ಯಜಮಾನರು. ಹೋಗಿಲ್ಲ ಸರ್, ತೆಗೆದೆ, ಅಂದ, ತನ್ನ ದನಿ ತನಗೇ ಯಾರದೋ ಅನ್ನಿಸಿತು, ಮೇಡಂ, ಮಕ್ಕಳು ನೋಡೋದು ಹೀಗೆ, ಸದ್ದಿಲ್ದೆ, ಇದು ಏನು ಹೇಳ್ತು ಅಂತ ಹೇಳಿ. ಟೀವಿಯಲ್ಲಿ ಬಾಯಿ ತೆರೆಯಿತು, ಇನ್ನಷ್ಟು ತೆರೆಯಿತು, ಒಂಚೂರು ಇಳಿಯಿತು, ತೆರೆಯಿತು, ನಿಂತಿತು. ಮೇಡಂ ನೋಡಿದರು. ಹುಬ್ಬು ಒಂಚೂರು ಕೂಡಿತು. ಯಜಮಾನರ ಕಡೆ ನೋಡಿದರು, ಟೀವಿ ನೋಡಿದರು, ಆಮೇಲೆ ಅವರ ಗಲ್ಲ ಒಂದಿಂಚು ಕೆಳಗೆ ಹೋಯಿತು, ಮೇಲೆ ಬಂತು, ತುಟಿಯಲ್ಲಿ ನಗು, ಗೊತ್ತಾಗುತ್ತಪ್ಪ, ಗೊತ್ತಾಗುತ್ತೆ. ಅದೇ, ಅಳತೆ ತೆಗೆದಿಟ್ಟ ಹಾಗೆ ಅದೇ, ಎರಡು ಕಿವಿ ನೆಟ್ಟಗಿರುವ ಹೆಂಗಸಿಗೆ ಅದನ್ನು ಯಾರು ಕಲಿಸಿದರು. ಇನ್ನೊಂದು ಹಾಕಿದ. ಲೋ, ರಿಮೋಟ್ ಕೊಡು, ಅಂದರು ಯಜಮಾನರು ಹಲ್ಲು ಕಚ್ಚಿ, ಕೈ ಚಾಚಿದರು, ಅವನು ಕೊಡಲಿಲ್ಲ, ಆರು ವರ್ಷದಲ್ಲಿ ಮೊದಲ ಸಲ ಅವರು ಕೇಳಿದ್ದನ್ನು ಕೊಡಲಿಲ್ಲ, ಇದು ಏನಂತು ಸರ್, ನೀವು ಹೇಳಿ, ಅಂದ. ಯಜಮಾನರ ತಲೆಯೂ ಆಡಿತು, ಜೋರಾಗಿ, ಬೇಕಾದ್ದಕ್ಕಿಂತ ಜೋರಾಗಿ, ಅದೇ ನಗು, ಅದೇ ಪಕ್ಕಕ್ಕೆ ಸರಿಯುವ ಕಣ್ಣು, ಆ ಕಣ್ಣು ಬಣ್ಣದವಳನ್ನು ಹುಡುಕಿತು, ಅವಳು ತಲೆ ತಗ್ಗಿಸಿದಳು. ಕುರ್ಚಿ ಹೋಯಿತು, ಹೋಗಲಿ, ಸ್ಪಂಜು ಹೊರಗೆ ಬಂದ ಕುರ್ಚಿ. ಮೂರನೇದು ಹಾಕಿದ. ಬಾಯಿ ಅಗಿಯಿತು, ಅಗಿಯಿತು, ನಿಂತಿತು. ಗಲ್ಲ ಕೆಳಗೆ, ಮೇಲೆ, ಈ ಸಲ ನಗು ತಡವಾಗಿ ಬಂತು, ಮೇಡಂ ಪೆನ್ನು ಇನ್ನೂ ಹಿಡಿದೇ ಇದ್ದರು, ನಿಬ್ಬು ಕಾಗದಕ್ಕೆ ತಾಗಿ ಒಂದು ಚುಕ್ಕೆ ಬಿದ್ದು ಅದು ದೊಡ್ಡದಾಗುತ್ತಿತ್ತು. ನಾಲ್ಕನೇದು ಹಾಕಿದ, ಯಾವ ಮಾತು ಅಂತ ಅವನೂ ನೋಡಲಿಲ್ಲ, ಅವನು ಟೀವಿ ನೋಡುತ್ತಿರಲಿಲ್ಲ, ಮೇಡಂ ಗಲ್ಲವನ್ನೇ ನೋಡುತ್ತಿದ್ದ, ಬಾಯಿ ಸದ್ದಿಲ್ಲದೆ ತೆರೆದುಕೊಂಡಿತು, ಇಳಿಯಿತು, ತೆರೆದುಕೊಂಡಿತು, ಗಲ್ಲ ಒಂದಿಂಚು ಕೆಳಗೆ ಹೋಯಿತು, ಕೆಳಗೆ ಹೋಗಿ ಅಲ್ಲೇ ನಿಂತಿತು, ಮೇಲೆ ಬರಲಿಲ್ಲ.